ಡೋಕ್ಯಾತ ಕಿಡಾ, ತಲೆಯಲ್ಲಿ ಹುಳ

೧

ಈ ಕಥೆಯನ್ನು ಹುಳದಿಂದ ಸುರು ಮಾಡಬೇಕೋ ಹುಡುಗಿಯಿಂದ ಸುರು ಮಾಡಬೇಕೋ ಅನ್ನೋದು ಎರಡು ವಾರದಿಂದ ಬಗೆಹರಿದಿಲ್ಲ. ಹುಳದಿಂದ ಸುರು ಮಾಡಿದರೆ, ಊಟದ ಹೊತ್ತಿಗೆ ಓದುವವರು ಪುಸ್ತಕ ಮಡಚಿಡುತ್ತಾರೆ. ಹುಡುಗಿಯಿಂದ ಸುರು ಮಾಡಿದರೆ, ಮತ್ತದೇ ಅತ್ತೆ ಸೊಸೆ ಅಂತ ನೀವು ಮೂಗು ಮುರಿಯುತ್ತೀರಿ. ಊರಿನಿಂದ ಸುರು ಮಾಡೋಣ ಅಂದರೆ, ಸಾಂಗಲಿ ಅಂದ ಕೂಡಲೇ ಮೊದಲ ಸಾಲಿನಲ್ಲಿ ಕೃಷ್ಣಾ ನದಿ ಬಂದು ಕೂತುಬಿಡುತ್ತದೆ, ಎರಡನೇ ಸಾಲಿಗೆ ಮಹಾಪೂರ. (ಹಂಗೂ ಒಂದು ಡ್ರಾಫ್ಟ್ ಬರೆದಿದ್ದೆ. ಮೂರು ಪುಟ ಬರೀ ನೀರು. ಮನುಷ್ಯರು ಯಾರೂ ಬರಲೇ ಇಲ್ಲ. ಅಳಿಸಿದೆ.)

ಹೋಗಲಿ ಬಿಡ್ರಿ. ಒಂದು ಕಿರುಬೆರಳಿನಿಂದ ಸುರು ಮಾಡುತ್ತೇನೆ.

೨

ಕಾಂಚನಳ ಬಲಗೈ ಕಿರುಬೆರಳು ತನ್ನಷ್ಟಕ್ಕೇ ಕುಣಿಯತೊಡಗಿತು. ಬೆಳಿಗ್ಗೆ ಹತ್ತರ ಸುಮಾರು. ಅವಳು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಕೂಸಿನ ದುಪಟಿ ಮಡಚುತ್ತಿದ್ದಳು. ಬೆರಳು ಕುಣಿಯುವುದನ್ನು ನೋಡಿ ಅವಳಿಗೆ ನಗು ಬಂತು. ಆಮೇಲೆ ಉಳಿದ ಬೆರಳೂ ಸೇರಿಕೊಂಡವು. ನಿಲ್ಲು ಅಂದರೆ ಕೈ ನಿಲ್ಲಲಿಲ್ಲ. ಯಾರದೋ ಕೈ ತಂದು ತನ್ನ ಭುಜಕ್ಕೆ ಹಚ್ಚಿದ್ದಾರೆ ಅನ್ನಿಸಿತು. ಅದರ ನಂತರದ್ದು ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿಲ್ಲ ಅಂದಮೇಲೆ ನನಗೂ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಮೂಗಿನ ಹತ್ತಿರ ಜಜ್ಜಿದ ಉಳ್ಳಾಗಡ್ಡಿ, ಮುಷ್ಟಿಯೊಳಗೆ ತಿಜೋರಿಯ ಕಬ್ಬಿಣದ ಕೀಲಿಕೈ. ಎರಡನ್ನೂ ಹಿಡಿದವರು ಅತ್ತೆ ನೀಲಾಬಾಯಿ. ಸಾಂಗಲಿ ಪೇಟೆಯ ಅರಿಷಿಣದ ವ್ಯಾಪಾರಿ ಕಲ್ಲಯ್ಯನವರ ಹೆಂಡತಿ. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಬಾಯಲ್ಲಿ ಮಾತು, ಈ ಮೂರು ಅವರನ್ನು ಯಾವತ್ತೂ ಬಿಟ್ಟಿದ್ದಿಲ್ಲ. ಆ ಹೊತ್ತು ಮಾತ್ರ ಮಾತು ನಿಂತಿತ್ತು.

"ಕೂಸು ಎಲ್ಲಿ?" ಅಂದಳು ಕಾಂಚನ.

"ಇಲ್ಲೇ ಐತಿ. ನೀ ಸುಮ್ಮನ ಮಲ್ಕೋ."

ಕೂಸಿಗೆ ಐದು ತಿಂಗಳು. ಕಾಂಚನ ಬಾಣಂತನ ಮುಗಿಸಿ ಮಾಲಗಾಂವದ ತವರಿನಿಂದ ತೊಟ್ಟಿಲ ಸಮೇತ ಬಂದು ಇಪ್ಪತ್ತು ದಿನ ಆಗಿತ್ತು ಅಷ್ಟೇ.

೨, ಮತ್ತೊಮ್ಮೆ

(ಇದಕ್ಕೆ ೩ ಅಂತ ನಂಬರ್ ಕೊಡಬೇಕಿತ್ತು. ಆದರೆ ಮೂರನೇ ಭಾಗದಲ್ಲಿ ನಾನು ಹುಳದ ಆತ್ಮಕಥೆ ಬರೆದಿದ್ದೆ. ಭಾಳ ಚಲೋ ಬಂದಿತ್ತು. ಮನುಷ್ಯರ ತಲೆ ಅಂದರೆ ಬಾಡಿಗೆ ಇಲ್ಲದ ಖೋಲಿ, ಅದು ಇದು ಅಂತ. ಕಾಂಚನ ಅದನ್ನು ಓದಿ ಹೇಳಿದ್ದಿಷ್ಟು: "ನನ್ನ ತಲ್ಯಾಗಿನ ಹುಳಕ್ಕ ನೀವು ಅರ್ಥ ಹಚ್ಚಬ್ಯಾಡ್ರಿ. ಅದು ಬರೇ ಹುಳ." ತೆಗೆದೆ.)

ಮಿರಜದ ದವಾಖಾನೆಯಲ್ಲಿ ಸ್ಕ್ಯಾನ್ ಆಯಿತು. ಮಿರಜ ಅಂದರೆ ನಿಮಗೆ ಗೊತ್ತಲ್ಲ, ಸುತ್ತಲಿನ ನಾಲ್ಕು ಜಿಲ್ಲೆಯ ಜಡ್ಡೆಲ್ಲ ರೈಲು ಹತ್ತಿ ಬಂದು ಇಳಿಯುವ ಊರು. ಡಾಕ್ಟರ್ ಹೆಸರು ಕೇತಕಿ. ಅಜ್ಜ ಅಜ್ಜಿ ಕನ್ನಡದವರು, ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲಿಕ್ಕೆ ಬಾಯಿ ಗಡಬಡ. ಹಾಗಾಗಿ ಮುಖ್ಯ ಮಾತು ಬಂದಾಗ ಮರಾಠಿಗೆ ಹೊರಳುತ್ತಾಳೆ. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಅವಳು ಹೇಳಿದಳು:

"ಮಾವಶೀ, ಯಾಂಚ್ಯಾ ಡೋಕ್ಯಾತ ಕಿಡಾ ಆಹೇ."

ಚಿಕ್ಕಮ್ಮಾ, ಇವರ ತಲೆಯಲ್ಲಿ ಹುಳ ಇದೆ. ಅಷ್ಟೇ ಮಾತು. ಈಗ ನೋಡ್ರಿ, ಕನ್ನಡದಲ್ಲಿ ಯಾರದೋ ತಲೆಗೆ ಹುಳ ಬಿಟ್ಟರು ಅಂದರೆ ಇಲ್ಲದ ವಿಚಾರ ತುಂಬಿದರು ಅಂತ. ಮರಾಠಿಯಲ್ಲೂ ಡೋಕ್ಯಾತ ಕಿಡಾ ಅಂದರೆ ಹೆಚ್ಚುಕಡಿಮೆ ಅದೇ. ಎರಡು ಭಾಷೆಯಲ್ಲಿ ಸಂಸಾರ ಮಾಡಿದ ನೀಲಾಬಾಯಿಗೆ ತಪ್ಪಿಸಿಕೊಳ್ಳಲಿಕ್ಕೆ ಮೂರನೇ ಭಾಷೆ ಇರಲಿಲ್ಲ. ಬಸುರಾಗುವ ಮೊದಲು ಕಾಂಚನ ಅರ್ಧಕ್ಕೆ ಬಿಟ್ಟ ಬಿ.ಎಡ್ ಮುಗಿಸುತ್ತೇನೆ ಅಂದಿದ್ದಳು. ಅವತ್ತಿನಿಂದ ಇವರ ದೂರು ಅದೇ ಇತ್ತು, ಯಾರೋ ಈ ಹುಡುಗಿ ತಲೆಗೆ ಹುಳ ಬಿಟ್ಟಿದ್ದಾರೆ ಅಂತ.

"ಅದು ನನಗ ಯಾವಾಗೋ ಗೊತ್ತೈತ್ರಿ," ಅಂದರು ನೀಲಾಬಾಯಿ. "ಅದನ್ನ ನೋಡಾಕ ಇಷ್ಟು ದೊಡ್ಡ ಮಶೀನ್ ಬೇಕಾಗಿತ್ತೇನು? ಅದನ್ನ ಬಿಟ್ಟವರು ಯಾರು ಅಂತ ಕಾಣಸ್ತೈತೇನು ನೋಡ್ರಿ ಅದರಾಗ."

ಕೇತಕಿಗೆ ಈ ಪ್ರಶ್ನೆ ಶಾಸ್ತ್ರೋಕ್ತವಾಗಿಯೇ ಕಂಡಿತು. "ಅದನ್ನ ಹುಡುಕಬೇಕು ಮಾವಶಿ," ಅಂದಳು. "ಮನ್ಯಾಗ ಎಲ್ಲಾರದೂ ಸಂಡಾಸ ತಪಾಸಣಿ ಮಾಡಬೇಕು."

ಹುಡುಗಿ ತಲೆಗೆ ವಿಚಾರ ತುಂಬಿದವರನ್ನು ಹುಡುಕಲಿಕ್ಕೆ ಸಂಡಾಸ ಯಾಕೆ ತಪಾಸಣೆ ಮಾಡಬೇಕು ಅಂತ ನೀಲಾಬಾಯಿ ತಮ್ಮ ಮಗ, ಕಾಂಚನಳ ಗಂಡ ಸುಶಾಂತನ ಮುಖ ನೋಡಿದರು. ಸುಶಾಂತ ನೆಲ ನೋಡಿದ. ಅತ್ತೆಯ ತಪ್ಪು ತಿಳುವಳಿಕೆ ಕಾಂಚನಳಿಗೆ ತಿಳಿದಿತ್ತು. ಆದರೆ ನಿಜ ಹೇಳಿದರೆ ಇದಕ್ಕಿಂತ ಕೆಟ್ಟದ್ದಾಗುತ್ತದೆ ಅಂತಲೂ ಯಾಕೋ ಅನ್ನಿಸಿ ಬಾಯಿ ಬಿಡಲಿಲ್ಲ.

೪

ನಿಜ ಇದು. ಕೇತಕಿ ಅದನ್ನು ಮೂರು ಸಲ ಹೇಳಿದಳು, ಮೂರನೇ ಸಲಕ್ಕೆ ನನಗೂ ತಿಳಿಯಿತು.

ಒಂದು ಜಾತಿಯ ಲಾಡಿಹುಳ. ಮೊದಲು ಡುಕ್ಕರದ, ಅಂದರೆ ಹಂದಿಯ, ಮೈಯಲ್ಲಿ ಇರುತ್ತದೆ. ಅರೆಬೆಂದ ಹಂದಿ ಮಾಂಸ ತಿಂದವನ ಹೊಟ್ಟೆಗೆ ಹೋಗಿ ಉದ್ದಕ್ಕೆ ಬೆಳೆಯುತ್ತದೆ. ಅವನಿಗೆ ಹೇಳಿಕೊಳ್ಳುವಂಥ ತ್ರಾಸವೇನೂ ಇರುವುದಿಲ್ಲ, ಆರಾಮ ಓಡಾಡಿಕೊಂಡಿರುತ್ತಾನೆ. ಆದರೆ ಅವನ ಸಂಡಾಸದೊಳಗೆ, ಅಂದರೆ ಮಲದೊಳಗೆ, ಅದರ ತತ್ತಿ ಬೀಳುತ್ತವೆ. ಅವು ಸರಿಯಾಗಿ ತೊಳೆಯದ ಕೈಯಿಂದಲೋ, ಹೊಲದ ಹಸಿ ಕಾಯಿಪಲ್ಯದಿಂದಲೋ ಮತ್ತೊಬ್ಬರ ಬಾಯಿಗೆ ಹೋದರೆ ಮರಿ ರಕ್ತದೊಳಗೆ ಹಾಯ್ದು ತಲೆಗೆ ಏರಿ ಗುಳ್ಳೆ ಕಟ್ಟಿಕೊಂಡು ಕೂಡುತ್ತದೆ. ತಿಂದವನು ಒಬ್ಬ, ಬಿದ್ದವಳು ಇನ್ನೊಬ್ಬಳು. ಆ ಇನ್ನೊಬ್ಬಳು ಜನ್ಮದಲ್ಲಿ ಮಾಂಸ ಮುಟ್ಟಿರಬೇಕು ಅಂತೇನೂ ಇಲ್ಲ.

ಇಷ್ಟೂ ಮಾತಿನಲ್ಲಿ ನೀಲಾಬಾಯಿಯ ಕಿವಿಗೆ ಹೋದದ್ದು ಒಂದೇ ಶಬ್ದ. ಡುಕ್ಕರ. (ಕೇತಕಿ ಹಸಿ ಕಾಯಿಪಲ್ಯ ಅಂದಾಗಲೂ ಅವರು ಒಮ್ಮೆ ತಲೆ ಎತ್ತಿದ್ದರು. ನಾನು ಅದನ್ನು ಸಿಟ್ಟು ಅಂತ ಬರೆದುಕೊಂಡೆ.)

"ಇಷ್ಟು ದಿನ ಸುಮ್ಮನಿದ್ದದ್ದು ಈಗ್ಯಾಕ ಎದ್ದೈತಿ?" ಅಂತ ಕಾಂಚನ ಕೇಳಿದಳು.

ಕೇತಕಿ ಕನ್ನಡ ಮರಾಠಿ ಎರಡನ್ನೂ ಕಲಸಿ ಹೇಳಿದಳು. "ಪಕ್ಕಾ ಹೇಳ್ಲಿಕ್ಕೆ ಬರೂದಿಲ್ಲ. ಇರಬಹುದು ಅಂತ ಹೇಳ್ತೀನಿ. ನಮ್ಮ ಮೈಯಾಗ ಪಹರೆಯವರು ಇರ್ತಾರ, ಹೊರಗಿಂದು ಏನು ಬಂದ್ರೂ ಹೊಡೀತಾರ. ಬಸರಿದ್ದಾಗ ಹಾರ್ಮೋನು ಅವರಿಗೆ ಹೇಳ್ತಾವ, ಸ್ವಲ್ಪ ತಡೀರಿ, ಒಳಗ ಬಂದದ್ದು ಅರ್ಧ ಬ್ಯಾರೆ ಮನೀದು, ಆದರೂ ಅದನ್ನ ಹೊಡೀಬ್ಯಾಡ್ರಿ. ಕೂಸು ಉಳೀತದ. ಆ ಸಲಿಗಿ ಹುಳಕ್ಕೂ ಸಿಕ್ಕಿರಬೇಕು. ಹಡೆದ ಮ್ಯಾಲೆ ಹಾರ್ಮೋನು ಇಳೀತಾವ. ಪಹರೆಯವರು ಎದ್ದು ನೋಡ್ತಾರ, ಅರೆ, ಇದು ಯಾರು? ಗದ್ದಲ ಸುರು. ಬಾವು ಬರ್ತದ. ಝಟಕಾ, ಅಂದ್ರ ಫಿಟ್ಸ್, ಬಂದದ್ದು ಹುಳದಿಂದ ಅಲ್ಲ, ಆ ಗದ್ದಲದಿಂದ."

"ಮತ್ತ ಔಷಧ?"

"ಹುಳ ಸಾಯಲಿಕ್ಕೆ ಒಂದು. ಅದು ಸಾಯುವಾಗ ಪಹರೆಯವರು ಇನ್ನೂ ಜೋರು ಮಾಡ್ತಾರ. ಅವರನ್ನ ಸುಮ್ಮ ಕೂಡಿಸ್ಲಿಕ್ಕೆ ಸ್ಟಿರಾಯ್ಡ್. ಅದೂ ಒಂದು ಥರದ ಹಾರ್ಮೋನೇ."

ಕಾಂಚನ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರ ಹುಳಾನ ಮುಚ್ಚಿಟ್ಟದ್ದೂ ಹಾರ್ಮೋನು, ಇದ್ದದ್ದು ಗೊತ್ತಾಗಿದ್ದು ಹಾರ್ಮೋನು ಇಳದದ್ದಕ್ಕ, ಈಗ ಔಷಧಾನೂ ಹಾರ್ಮೋನು?"

"ಬ್ಯಾರೆ ಬ್ಯಾರೆ ಹಾರ್ಮೋನು. ಆದರ ಹಂಗಂದ್ರೂ ನಡೀತದ."

ಓದುಗರೇ, ನನ್ನ ಫಜೀತಿ ಸ್ವಲ್ಪ ನೋಡ್ರಿ. ಕಥೆಗೆ ಒಬ್ಬ ಖಳನಾಯಕ ಬೇಕು. ಹುಳ ಅಂದರೆ, ಅದು ಪಾಪ ಸುಮ್ಮನೆ ಮಲಗಿತ್ತು. ಪಹರೆಯವರು ಅಂದರೆ, ಅವರು ತಮ್ಮ ನೌಕರಿ ಮಾಡಿದರು. ಹಾರ್ಮೋನು ಅಂದರೆ, ಅದಿಲ್ಲದಿದ್ದರೆ ಕೂಸೇ ಇಲ್ಲ. ಹೀಗೆ ಯಾರೂ ಸಿಗದಾಗ ನೀಲಾಬಾಯಿ ಮನೆಗೆ ಬಂದು ಒಬ್ಬರನ್ನು ಹುಡುಕಿಕೊಂಡರು.

೫

"ತವರಿಂದ ತೊಟ್ಟಲಾ ತಂದ್ಲು, ಬೆಳ್ಳಿ ಕಡಗಾ ತಂದ್ಲು. ಡುಕ್ಕರದ ಹುಳಾನೂ ತಂದ್ಲು."

ಮಾಲಗಾಂವದಲ್ಲಿ ಕಾಂಚನಳ ತವರಿನವರದು ದ್ರಾಕ್ಷಿ ತೋಟ. ಅವರೂ ಲಿಂಗ ಕಟ್ಟಿದವರೇ. ಕೋಳಿ ತತ್ತಿಯನ್ನು ಸಹ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಆದರೆ ತೋಟಕ್ಕೆ ಹತ್ತು ಊರಿನ ಆಳು ಬರುತ್ತಾರೆ, ಯಾರ ಕೈ ಎಲ್ಲೆಲ್ಲಿ ಇರುತ್ತದೋ ಯಾರಿಗೆ ಗೊತ್ತು ಅಂತ ನೀಲಾಬಾಯಿ ವಾದ. ಮೇಲಾಗಿ ಕಾಂಚನ ಬಿ.ಎಡ್ ಓದುವಾಗ ಕೊಲ್ಲಾಪುರದ ಹಾಸ್ಟೆಲಿನಲ್ಲಿ ಒಂದು ವರ್ಷ ಇದ್ದಳು. ಅಲ್ಲಿ ಏನೇನು ಬೇಯಿಸುತ್ತಿದ್ದರೋ.

ಕೂಸನ್ನು ಮಾಡಿಯ ಮೇಲಿನ ಖೋಲಿಗೆ ಒಯ್ದರು. ಹಾಲಿಗೆ ಬಾಟ್ಲಿ ಬಂತು. ಕಾಂಚನ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅವಳ ತಾಟು, ಲೋಟ ಬೇರೆ. ಬರುವ ರವಿವಾರ ಅವಳ ಅಣ್ಣ ನೀಲೇಶ ಬಂದು ಕರೆದುಕೊಂಡು ಹೋಗಬೇಕು, ಪೂರಾ ಆರಾಮ ಆಗುವ ತನಕ ಮಾಲಗಾಂವದಲ್ಲೇ ಇರಬೇಕು, ಕೂಸು ಮಾತ್ರ ಇಲ್ಲೇ. ಹೀಗೆ ನಿರ್ಣಯ ಆಯಿತು. ನಿರ್ಣಯ ಮಾಡಿದವರು ನೀಲಾಬಾಯಿ. ಹೂಂ ಅಂದವರು ಕಲ್ಲಯ್ಯನವರು. ಸುಶಾಂತ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಎದೆಹಾಲು ಕುಡಿಸಬಹುದು, ಹುಳ ಹಾಲಿನಿಂದ ಹೋಗುವುದಿಲ್ಲ, ಅದನ್ನು ನೋಡಿಕೊಂಡೇ ಔಷಧ ಬರೆದಿದ್ದೇನೆ ಅಂತ ಕೇತಕಿ ಎರಡೆರಡು ಸಲ ಹೇಳಿದ್ದಳು. ಅದನ್ನು ಕಾಂಚನ ಮನೆಯಲ್ಲಿ ಹೇಳಿದಳು. "ಡಾಕ್ಟರಿಗೆ ಏನು, ಅವರ ಮನಿ ಕೂಸಲ್ಲ," ಅಂದರು ನೀಲಾಬಾಯಿ.

ಮೇಲಿನಿಂದ ಅಳು ಕೇಳಿಸಿದಾಗಲೆಲ್ಲ ಕೆಳಗೆ ಅವಳ ರವಿಕೆ ತೋಯುತ್ತಿತ್ತು. ಎದೆ ಕಲ್ಲಾಗಿತ್ತು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಬಚ್ಚಲಕ್ಕೆ ಹೋಗಿ ಹಾಲು ಹಿಂಡಿ ನೀರು ಸುರಿದು ಬರುತ್ತಿದ್ದಳು. ಹಾಲು ಮೋರಿಗೆ ಹೋಗುವುದನ್ನು ನೋಡಿ ಅವಳು ಅತ್ತಳು, ಖರೇನೇ ಅತ್ತಳು, ಅದನ್ನು ಮುಚ್ಚಿಟ್ಟು ಬರೆಯುವ ಜಾಣತನ ನನಗೆ ಬೇಡ.

ಇದರ ಮೇಲೆ ಇನ್ನೊಂದು ತಾಪತ್ರಯ. ಏನು ವಿಚಾರ ಮಾಡಿದರೂ, ಇದು ನನ್ನ ವಿಚಾರವೋ ಅದರದ್ದೋ ಅಂತ ಸಂಶಯ. ಬಿ.ಎಡ್ ಮುಗಿಸಬೇಕು ಅನ್ನಿಸಿದ್ದು ನನಗೋ ಹುಳಕ್ಕೋ? ಅತ್ತೆ ಮೇಲಿನ ಸಿಟ್ಟು ನಂದೋ ಸ್ಟಿರಾಯ್ಡಿಂದೋ? ಈ ಗುಳಿಗೆಯಿಂದ ಸಿಟ್ಟು ಬರುತ್ತದೆ, ಹಸಿವು ಬರುತ್ತದೆ, ನಿದ್ದೆ ಹೋಗುತ್ತದೆ ಅಂತ ಕೇತಕಿ ಮೊದಲೇ ಹೇಳಿದ್ದಳು. ಅಂದರೆ ಸಿಟ್ಟು ಕೂಡ ಸ್ವಂತದ್ದಲ್ಲವೇ? ಕೊನೆಗೆ ಕಾಂಚನ ಒಂದು ತೀರ್ಮಾನಕ್ಕೆ ಬಂದಳು: ಕೂಸು ಬೇಕು ಅನ್ನೋದು ಮಾತ್ರ ನಂದು. ಉಳಿದದ್ದೆಲ್ಲ ಯಾರದಾದರೂ ಇರಲಿ.

೬ (ಗದ್ದಲ)

ಇಲ್ಲಿ ನೀಲಾಬಾಯಿ ನನ್ನ ಜೊತೆ ಜಗಳಕ್ಕೆ ನಿಂತರು.

"ಏನ್ರಿ, ಎಲ್ಲಾ ಕಥ್ಯಾಗೂ ಅತ್ತೀನ ಕೆಟ್ಟಾಕಿ ಆಗಬೇಕಂತ ಎಲ್ಲೆರ ಬರದೈತೇನು? ಆಕಿ ಕೂಸಿನ್ನ ಎತ್ಕೊಂಡಾಗ ಕೈ ಕುಣದಿದ್ರ? ಫರಸಿ ಮ್ಯಾಲೆ ಬಿದ್ದಿದ್ರ? ಅದನ್ನ ಬರೀರಿ."

ಬರೆದಿದ್ದೇನೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಅವರಿಗೆ ಹೆದರಿಕೆ ಇತ್ತು.

"ಮತ್ತ ಆ ಡುಕ್ಕರ?" ಅಂದೆ.

ಅವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಅವರು ಹೋದಮೇಲೆ ಸುಶಾಂತ ಬಂದ. ಕಾರಣ, ನಾನು ಇಲಿಯ ಬಗ್ಗೆ ಬರೆಯಲಿದ್ದೇನೆ ಅಂತ ಅವನಿಗೆ ಸುದ್ದಿ ಹತ್ತಿತ್ತು. ಎಲ್ಲೋ ಓದಿದ್ದೆ: ಇದೇ ಬಳಗದ ಇನ್ನೊಂದು ಹುಳವನ್ನು ಇಲಿಗಳಿಗೆ ಬಿಟ್ಟು ನೋಡಿದ್ದಾರೆ. ಹೆಣ್ಣಿಲಿಯಲ್ಲಿ ಹುಳ ಬೇಗ ಬೆಳೆಯುತ್ತದೆ, ಹೆಣ್ಣಿನ ಹಾರ್ಮೋನು ಅದಕ್ಕೆ ಹಿಡಿಸುತ್ತದೆ. ಗಂಡಿಲಿಯಲ್ಲಿ ಮೊದಮೊದಲು ಬೆಳೆಯುವುದಿಲ್ಲ. ಆದರೆ ದಿನ ಕಳೆದಂತೆ ಗಂಡಿಲಿಯ ಗಂಡುಹಾರ್ಮೋನು ಇಳಿದು ಹೆಣ್ಣಿನದು ಏರುತ್ತದಂತೆ. ಇಲಿ ಗಂಡಸುತನದ ಗೊಡವೆ ಬಿಟ್ಟು ಸುಮ್ಮನೆ ಮೂಲೆ ಹಿಡಿಯುತ್ತದಂತೆ. ಇದನ್ನು ಓದಿದವನೇ ನಾನು ಕುಣಿದಾಡಿದ್ದೆ. ಹೂಂ ಅನ್ನದ, ಊಹೂಂ ಅನ್ನದ ಸುಶಾಂತನಿಗೆ ಇದಕ್ಕಿಂತ ಒಳ್ಳೆಯ ಉಪಮೆ ಎಲ್ಲಿ ಸಿಗಬೇಕು?

"ನನ್ನ ಇಲಿ ಮಾಡಬ್ಯಾಡ್ರಿ," ಅಂದ ಸುಶಾಂತ.

"ಮತ್ತೆ ಹೆಂಡತಿ ಪರವಾಗಿ ಒಂದು ಮಾತು ಆಡು."

"ಆಡಿದ್ರ ನೀವು ಗೋವಾ ತರ್ತೀರಿ."

ನನಗೆ ಗೋವಾ ಗೊತ್ತೇ ಇರಲಿಲ್ಲ. ಬಾಯಿ ಜಾರಿದ್ದು ಅವನದೇ. ವರ್ಷಕ್ಕೊಮ್ಮೆ ಪೇಟೆಯ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತಾನೆ, ಮನೆಯಲ್ಲಿ ಮಹಾಬಳೇಶ್ವರ ಅಂತ ಹೇಳಿರುತ್ತಾನೆ. ಅಲ್ಲಿ ಏನು ತಿಂದ, ತಿಂದನೋ ಇಲ್ಲವೋ, ನಾನು ಕೇಳಿದೆ. ಅವನು ಹೇಳಲಿಲ್ಲ. (ಹುಳ ತಲೆಯಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಹಾಗಾಗಿ ಕಾಲದ ಲೆಕ್ಕದಿಂದ ಯಾರನ್ನೂ ಹಿಡಿಯಲಿಕ್ಕೆ ಬರುವುದಿಲ್ಲ, ಯಾರನ್ನೂ ಬಿಡಲಿಕ್ಕೂ ಬರುವುದಿಲ್ಲ.)

೭

ತಪಾಸಣೆಗೆ ಅಂತ ಲ್ಯಾಬಿನವರು ಮೂರು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಮೇಲೆ ಹೆಸರಿನ ಚೀಟಿ: ಕಲ್ಲಯ್ಯ, ನೀಲಾಬಾಯಿ, ಸುಶಾಂತ. ಪೂಜೆಯ ಮನೆ, ಅವನ್ನು ಒಳಗೆ ತರುವಂತಿಲ್ಲ. ಹಾಗಾಗಿ ಹಿತ್ತಲ ನಲ್ಲಿಯ ಕಟ್ಟೆಯ ಮೇಲೆ ಸಾಲಾಗಿ ಖಾಲಿ ಕೂತಿದ್ದವು. ದಿನಾ ಎಲ್ಲರೂ ಅವನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು.

ಆ ಡಬ್ಬಿಯಿಂದ ನಾನು ಮೂರು ಮುಕ್ತಾಯ ಮಾಡಿಟ್ಟಿದ್ದೆ.

ಒಂದನೇದು. ಸುಶಾಂತನ ಡಬ್ಬಿಯಲ್ಲಿ ತತ್ತಿ ಸಿಗುತ್ತದೆ. ನೀಲಾಬಾಯಿ ಕುಸಿದು ಕೂಡುತ್ತಾರೆ. ನ್ಯಾಯ, ಚಪ್ಪಾಳೆ.

ಎರಡನೇದು. ಮೂವರಲ್ಲೂ ಏನೂ ಸಿಗುವುದಿಲ್ಲ. ಹಾಗಾದರೆ ಮಾಲಗಾಂವವೇ ಅಂತ ನೀಲಾಬಾಯಿ ಗೆಲ್ಲುತ್ತಾರೆ. ಅಲ್ಲಿಯೂ ಡಬ್ಬಿ ಹೋಗುತ್ತವೆ. ಅಲ್ಲಿಯೂ ಏನೂ ಸಿಗುವುದಿಲ್ಲ. ಹೀಗೆ ಡಬ್ಬಿ ಊರೂರು ತಿರುಗುತ್ತವೆ.

ಮೂರನೇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ರಿಪೋರ್ಟಿನ ಪಾಕೀಟು ಬರುತ್ತದೆ, ಯಾರೂ ಒಡೆಯುವುದಿಲ್ಲ, ಕಥೆ ಅಲ್ಲಿಗೆ ನಿಲ್ಲುತ್ತದೆ. ಓದುಗರೇ ನೀವೇ ಯೋಚನೆ ಮಾಡಿರಿ ಅಂತ ನಾನು ಜಾರಿಕೊಳ್ಳುತ್ತೇನೆ.

ಕಾಂಚನ ಮೂರನ್ನೂ ಓದಿದಳು. ಮೂರನೇದರ ಮೇಲೆ ಬೆರಳಿಟ್ಟಳು. ಆ ಬೆರಳು ಅವತ್ತು ನಡುಗುತ್ತಿರಲಿಲ್ಲ.

"ಓಪನ್ ಎಂಡಿಂಗ್ ಏನ್ರಿ ಇದು?"

"ಹೂಂ. ಈಗ ಹಿಂಗೇ ಬರೀತಾರೆ."

"ನಿಮಗೇನು, ಗೊತ್ತಾಗಲಿಲ್ಲ ಅಂತ ಬರದು ಎದ್ದು ಹೋಗ್ತೀರಿ. ಯಾರಿಂದ ಅಂತ ಗೊತ್ತಾಗದಿದ್ರ ಈ ಮನ್ಯಾಗ ಅದು ನನ್ನ ಹೆಸರಿನ ಮ್ಯಾಲೇ ಕುಂದ್ರತೈತಿ. ನಾಳೆ ನನ್ನ ಮಗಳು ದೊಡ್ಡಾಕಿ ಆದಾಗ ಆಕೀಗೂ ಹೇಳ್ತಾರ, ನಿಮ್ಮವ್ವ ಡುಕ್ಕರದ ಹುಳಾ ತಂದಾಕಿ ಅಂತ. ಇದು ನಿಮಗ ಓಪನ್ ಕಾಣತೈತೇನು?"

ಹದಿನೈದು ವರ್ಷದಿಂದ ಮುಕ್ತಾಯ ಇಲ್ಲದ ಕಥೆ ಬರೆದು ಶಾಣ್ಯಾ ಅನ್ನಿಸಿಕೊಂಡವನು ನಾನು. ಅದರ ಕರ ಯಾರು ಕಟ್ಟುತ್ತಾರೆ ಅಂತ ಯಾರೂ ನನ್ನನ್ನು ಕೇಳಿರಲಿಲ್ಲ.

೮

ಶನಿವಾರ ಮಧ್ಯಾಹ್ನ. ಮರುದಿನ ನೀಲೇಶ ಬರುವವನು. ಕಾಂಚನ ಒಬ್ಬಳೇ ಮಿರಜಕ್ಕೆ ಹೋಗಿ ಕೇತಕಿಯನ್ನು ಕಂಡು ಬಂದಿದ್ದಳು. ಎರಡನೇ ಸಲ ಝಟಕಾ ಬಂದಿರಲಿಲ್ಲ. ಔಷಧ ಹಿಡಿಸಿತ್ತು. ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಎಲ್ಲರ ಮುಂದೆ ಹೇಳಿದಳು:

"ಡಬ್ಬಿ ಇನ್ನ ಹಂಗೇ ಕುಂತಾವ. ಇವತ್ತರ ಕೊಡ್ರಿ. ಗೊತ್ತಾಗಲಿ."

ಕಲ್ಲಯ್ಯನವರು ಪೇಪರ್ ಮಡಚಿದರು. ಸುಶಾಂತ ನೆಲ ನೋಡಿದ. ನೀಲಾಬಾಯಿ ಒಳಗೆ ಹೋಗಿ ಒಂದು ಗುಳಿಗೆ ಪಾಕೀಟು ತಂದರು. ಅವರೂ ಸುಮ್ಮನೆ ಕೂತಿರಲಿಲ್ಲ, ಕೇತಕಿಗೆ ಫೋನ್ ಮಾಡಿದ್ದರು. ತಪಾಸಣೆ ಮಾಡಿಸಿದರೆ ಒಳ್ಳೆಯದು, ಮಾಡಿಸುವುದೇ ಇಲ್ಲ ಅಂದರೆ ಕಾಂಚನಳನ್ನು ಬಿಟ್ಟು ಉಳಿದವರೆಲ್ಲ ಹೊಟ್ಟೆಹುಳದ ಗುಳಿಗೆಯನ್ನಾದರೂ ತಗೊಳ್ಳಿ, ಯಾರ ಹೊಟ್ಟೆಯಲ್ಲಿದ್ದರೂ ಹೋಗುತ್ತದೆ ಅಂತ ಕೇತಕಿ ಹೇಳಿದ್ದಳು.

"ತಪಾಸಣಿ ಬ್ಯಾಡ," ಅಂದರು ನೀಲಾಬಾಯಿ. "ಎಲ್ಲಾರೂ ನುಂಗೂಣು. ಯಾರದರ ಇರ್ಲಿ, ಹೋಗ್ಲಿ."

ಗಂಡನ ಕೈಗೆ ಕೊಟ್ಟರು. ಮಗನ ಕೈಗೆ ಕೊಟ್ಟರು, ಅವನ ಮುಖ ನೋಡಲಿಲ್ಲ. ತಮ್ಮದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

(ಇದು ನನ್ನ ಮೂರೂ ಮುಕ್ತಾಯದಲ್ಲಿ ಇರಲಿಲ್ಲ. ಗೊತ್ತಾಗಬೇಕು ಅಂತ ಮನೆಯೆಲ್ಲ ತಲೆ ಮೇಲೆ ಹೊತ್ತವರೇ ಈಗ ಗೊತ್ತಾಗುವುದು ಬೇಡ ಅನ್ನುತ್ತಿದ್ದಾರೆ. ಮಗನನ್ನು ಉಳಿಸಿಕೊಳ್ಳಲಿಕ್ಕೆ ಅಂತ ನಾನು ತಿಳಿದೆ. ನೀವೂ ಹಾಗೇ ತಿಳಿದಿದ್ದರೆ ಇಬ್ಬರೂ ಕೂಡಿಯೇ ದಡ್ಡರಾದೆವು.)

ಕಾಂಚನ ಜಗ್ಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಸ್ಟಿರಾಯ್ಡಿಂದೋ ತನ್ನದೋ ಅಂತ ಈ ಸಲ ಕೇಳಿಕೊಳ್ಳಲಿಲ್ಲ.

"ಆತು ಅತ್ತಿ. ತಪಾಸಣಿ ಬ್ಯಾಡ ಅಂದ್ರ ಬ್ಯಾಡ. ಆದ್ರ ಗೊತ್ತಿಲ್ಲ ಅಂದಮ್ಯಾಲೆ ಯಾರಿಗೂ ಗೊತ್ತಿಲ್ಲ. ಮಾಲಗಾಂವ ಅನ್ನೂ ಮಾತು, ಆ ಡುಕ್ಕರದ ಮಾತು, ಇವತ್ತಿಗೆ ಮುಗೀಬೇಕು. ನಾಳೆ ನೀಲೇಶಣ್ಣ ಬಂದ್ರ ಊಟಾ ಮಾಡಿ ಹೋಗ್ತಾನ. ನಾ ಹೋಗಂಗಿಲ್ಲ. ಕೂಸು ಕೊಡ್ರಿ."

"ಕೈ ಕುಣದ್ರ?"

"ನೆಲದ ಮ್ಯಾಲೆ ಗಾದಿ ಹಾಸ್ಕೊಂಡು ಕುಂತು ಕುಡಸ್ರಿ, ಬಾಜೂಕ ಒಬ್ಬರು ಇರ್ರಿ ಅಂತ ಡಾಕ್ಟರ್ ಇವತ್ತು ಹೇಳ್ಯಾರ. ನೀವು ಕುಂದ್ರಿ."

ಮೇಲೆ ಕೂಸು ಎದ್ದಿತ್ತು, ಸಣ್ಣಗೆ ಸುರು ಮಾಡಿತ್ತು. ನೀಲಾಬಾಯಿ ಮೆಟ್ಟಿಲ ಕಡೆ ನೋಡಿದರು. ಮಗನ ಕಡೆ ನೋಡಿದರು. ಆಗ ಸುಶಾಂತ ಎದ್ದು ಒಳಗಿನ ಖೋಲಿಯಲ್ಲಿ ಗಾದಿ ಹಾಸಿದ. ಮಾತು ಆಡಲಿಲ್ಲ, ಗಾದಿ ಹಾಸಿದ. (ಇಲಿಯ ಪ್ಯಾರಾ ತೆಗೆಯಬೇಕೋ ಏನೋ. ಸದ್ಯ ಇರಲಿ.)

ನೀಲಾಬಾಯಿ ಮೇಲೆ ಹೋಗಿ ಕೂಸನ್ನು ತಂದು ಕಾಂಚನಳ ಉಡಿಗೆ ಹಾಕಿದರು.

ಒಂಬತ್ತು ದಿನ ಬಾಟ್ಲಿ ಕುಡಿದ ಕೂಸು ಮೊದಲು ಬಾಯಿ ಹಾಕಲಿಲ್ಲ. ಮುಖ ಆಕಡೆ ತಿರುಗಿಸಿ ಚೀರಿತು. ನನ್ನನ್ನು ಮರೆತುಬಿಟ್ಟಿತೇ ಅಂತ ಕಾಂಚನಳ ಕಣ್ಣು ತುಂಬಿದವು. ಆಗ ನೀಲಾಬಾಯಿ ಬಗ್ಗಿ, ಒಂದು ಬೆರಳಿನಿಂದ ಕೂಸಿನ ಗಲ್ಲ ಎತ್ತಿ ಸೊಸೆಯ ಎದೆಗೆ ಹಚ್ಚಿದರು. ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಕೂಸು ಹುಡುಕಿತು, ಬಿಟ್ಟಿತು, ಮತ್ತೆ ಹುಡುಕಿತು, ಹಿಡಿಯಿತು.

ಅತ್ತೆ ಬಾಜೂಕ ಗಾದಿಯ ಅಂಚಿಗೆ ಕೂತರು, ಡಾಕ್ಟರ್ ಹೇಳಿದ ಹಾಗೆ, ಸೊಸೆಯ ಬಲಗೈಯನ್ನೇ ನೋಡುತ್ತ. ತುಸು ಹೊತ್ತಿನ ಮೇಲೆ ಆ ಕೈಗೇ ಹೇಳಿದ ಹಾಗೆ ಹೇಳಿದರು:

"ನೀ ಬಸರಿದ್ದಾಗ ಹಸೀ ಮೆಂತೆ ಬೇಡಿದ್ದಿ ಅಲ್ಲ. ದಿನಾ ರೊಟ್ಟಿ ಜೋಡಿ. ನನ್ನ ಕೈಲೇ ತಿನಸಿದ್ದೆ."

"ಹೂಂ."

"ನಾ ಎರಡು ಸಲ ತೊಳೀತಿದ್ದೆ."

ಕಾಂಚನ ಕೂಸಿನ ನೆತ್ತಿ ಸವರಿದಳು.

"ಎರಡು ಸಲಾನೋ, ಒಂದ ಸಲಾನೋ. ನೆನಪ ಮಾಡ್ಕೋತೀನಿ, ಮಾಡ್ಕೋತೀನಿ, ಆಗವಲ್ದು. ಆ ಹುಡುಗಿ ಹಸೀ ಪಲ್ಯ ಅಂದಾಗಿಂದ ನನಗ ನಿದ್ದಿ ಇಲ್ಲ ತಂಗಿ."

ಮೆಂತೆ? ಯಾವ ಮೆಂತೆ? ನಾನು ಮೆಂತೆಯ ಒಂದು ಶಬ್ದ ಬರೆದಿಲ್ಲ. ಹಿಂದೆ ತಿರುವಿ ನೋಡ್ರಿ ಬೇಕಾದರೆ. ಇಷ್ಟು ಹೊತ್ತು ಎಲ್ಲ ನನ್ನ ಕೈಯಲ್ಲಿದೆ ಅಂದುಕೊಂಡವನು ನಾನು. ಇವರು ಇಷ್ಟು ದಿನ ಇದನ್ನು ಇಟ್ಟುಕೊಂಡೇ ಸೊಸೆಯ ಮೇಲೆ ಹಾಯುತ್ತಿದ್ದರೇ? ಮಗನಿಗಾಗಿ ತಪಾಸಣೆ ಬೇಡ ಅಂದರೋ, ತಮಗಾಗಿ ಬೇಡ ಅಂದರೋ? ಅವನಲ್ಲಿ ಸಿಕ್ಕರೂ ಸೋಲು, ಯಾರಲ್ಲೂ ಸಿಗದಿದ್ದರೆ ಉಳಿಯುವುದು ಇವರ ಕೈಯ ಮೆಂತೆ, ಅದು ಇನ್ನೂ ದೊಡ್ಡ ಸೋಲು.

ಕಾಂಚನ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ಅವಳ ಸಿಟ್ಟು ಇಳಿದಿತ್ತೋ ಇಲ್ಲವೋ ಅವಳಿಗೂ ಗೊತ್ತಾಗಲಿಲ್ಲ. ಕ್ಷಮಿಸಿದೆ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಆ ಮೆಂತೆಯ ರುಚಿ ಮಾತ್ರ ನೆನಪಾಯಿತು, ಕಹಿ, ಮೇಲೆ ಉಪ್ಪು, ಹಸಿ ಶೇಂಗಾ ಎಣ್ಣೆ. ಬಾಯಿಗೆ ತುತ್ತು ಇಡುತ್ತಿದ್ದ ಈ ಕೈ ನೆನಪಾಯಿತು.

"ಬೇಡಿದಾಕಿ ನಾನಲ್ಲೇನ್ರಿ," ಅಂದಳು.

೯

ಇಲ್ಲಿ ನಾನು ಪೆನ್ನು ಮುಚ್ಚಬಹುದಿತ್ತು. ಆದರೆ ನನ್ನ ಕೆಟ್ಟ ಚಟ, ಇನ್ನೊಂದು ಕೇಳೋಣ ಅಂತ ಗಂಟಲು ಸರಿಮಾಡಿಕೊಂಡೆ. ಹಾಗಾದರೆ ಇದು ಕ್ಷಮೆಯೋ? ಈಗ ಬಿ.ಎಡ್ ಗತಿ ಏನು? ಹುಳ ಸತ್ತಿದೆಯೋ ಇಲ್ಲವೋ, ಮುಂದಿನ ಸ್ಕ್ಯಾನ್ ಯಾವಾಗ?

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಬಾಣಂತಿ ಕೂಸಿಗೆ ಹಾಲು ಕುಡಸಾಕ ಹತ್ಯಾಳ," ಅಂದರು ನೀಲಾಬಾಯಿ. "ನೀವು ಗಂಡಸರು ಇನ್ನ ಇಲ್ಲೇ ಕುಂತೀರೇನು?"

ನಾನು ಕಾಂಚನಳನ್ನು ನೋಡಿದೆ, ಅವಳಾದರೂ ಇರಲಿ ಬಿಡ್ರಿ ಅಂತಾಳೇನೋ ಅಂತ. ಅವಳು ಸೆರಗು ಎಳೆದುಕೊಂಡಳು.

ಎದ್ದೆ. ಬಾಗಿಲು ಮುಂದೆ ಮಾಡಿಕೊಂಡು ಪಡಸಾಲೆಗೆ ಬಂದೆ. ಒಳಗೆ ಮಾತು ಮುಂದುವರಿದಿತ್ತು, ಸಣ್ಣ ದನಿ, ಕನ್ನಡವೋ ಮರಾಠಿಯೋ ಅದೂ ತಿಳಿಯಲಿಲ್ಲ.

ಹೊರಗೆ ಸುಶಾಂತ ನಿಂತಿದ್ದ. ಗುಳಿಗೆ ಇನ್ನೂ ಅಂಗೈಯಲ್ಲೇ ಇತ್ತು, ಬೆವರಿಗೆ ಕರಗಿ ಅಂಚು ಬಿಳಿ ಆಗಿತ್ತು.

"ಒಳಗ ಏನ್ ಮಾತಾತ್ರಿ?" ಅಂದ. "ನನ್ನ ಹೆಸರು ಬಂತೇನು?"